ಹೊಸದಾಗಿ ಜೋಡಿಸಿದ ಪಂಪು ಎಂಜಿನ್ನಿನಲ್ಲಿ ಪೆಟ್ರೋಲು ಉಕ್ಕುವುದು: ಕಾರಣವೂ ಪರಿಹಾರವೂ

ವಿದ್ಯುತ್ತಿನ ಸೌಕರ್ಯವಿಲ್ಲದ ಹೊಳೆ ಹಳ್ಳಗಳ ದಡದಲ್ಲಿ ಪೈರಿಗೆ ನೀರೊದಗಿಸಲು ಸಣ್ಣ ಪೆಟ್ರೋಲ್ ಪಂಪುಗಳು ಬಹಳ ಉಪಯುಕ್ತವಾದುವು. ಇಂತಹ ಎಂಜಿನ್ನು ಸವೆದಾಗ ಸಿಲಿಂಡರನ್ನು ಬೋರು ಮಾಡಿಸಿ, ಹೊಸ ಪಿಸ್ಟನ್ನು ಮತ್ತು ರಿಂಗುಗಳನ್ನು ಹಾಕಿಸುವುದು ವಾಡಿಕೆ. ಹಾಗೆ ಜೋಡಿಸಿದ ಎಂಜಿನ್ನು ಮೊದಲನೆಯ ದಿನವೇ ಕಾರ್ಬುರೇಟರಿನಿಂದ ಪೆಟ್ರೋಲು ಸುರಿಸಿ, ಕಪ್ಪು ಹೊಗೆಯನ್ನು ಕಾರಿ ನಿಂತುಹೋಗುವುದುಂಟು. ಆಗ ಮಾಲೀಕರು ಮೇಸ್ತ್ರಿಯ ಕೆಲಸವೇ ಕೆಟ್ಟಿತೆಂದು ಭಾವಿಸಿ ಎಂಜಿನ್ನನ್ನು ಪುನಃ ಬಿಚ್ಚಿಸುವರು. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ದೋಷವು ಬಹುಮಟ್ಟಿಗೆ ಎಂಜಿನ್ನಿನ ಒಳಗಿರದೆ ಕಾರ್ಬುರೇಟರಿನಲ್ಲಿಯೇ ಇರುತ್ತದೆ.

ಕಾರ್ಬುರೇಟರಿನ ಕೆಲಸ

ಒಂದು ತೂಕ ಪೆಟ್ರೋಲಿಗೆ ಸುಮಾರು 13ರಿಂದ 15 ತೂಕ ಗಾಳಿ ಬೆರೆತರೆ ಎಂಜಿನ್ನು ಚೆನ್ನಾಗಿ ನಡೆಯುತ್ತದೆ. ಈ ಪ್ರಮಾಣವನ್ನು ಕಾಯುವುದೇ ಕಾರ್ಬುರೇಟರಿನ ಕೆಲಸ. ಅದರ ಅಡಿಯ ಬಟ್ಟಲಿನಲ್ಲಿ ಫ್ಲೋಟ್ ಎಂಬ ತೇಲುವ ಬುರುಡೆಯಿದೆ. ಬಟ್ಟಲು ತುಂಬಿದೊಡನೆ ಬುರುಡೆಯು ಮೇಲೆದ್ದು, ಸೂಜಿಯಂತಹ ಕವಾಟವನ್ನು ಅದರ ಪೀಠಕ್ಕೆ ಒತ್ತಿ ಪೆಟ್ರೋಲಿನ ದಾರಿಯನ್ನು ಮುಚ್ಚುತ್ತದೆ. ಮಟ್ಟವು ಇಳಿದರೆ ತಾನೂ ಇಳಿದು ದಾರಿಯನ್ನು ತೆರೆಯುತ್ತದೆ. ಸೂಜಿಯು ಸರಿಯಾಗಿ ಕೂಡದಿದ್ದರೆ ಬಟ್ಟಲು ತುಂಬಿ ಪೆಟ್ರೋಲು ಉಕ್ಕುತ್ತದೆ.

ಇದರಿಂದಾಗುವ ಹಾನಿ

ನಷ್ಟವು ಕೇವಲ ಸುರಿದುಹೋದ ಪೆಟ್ರೋಲಿನದಲ್ಲ. ಹೊಸ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳುವವರೆಗೆ ಅವುಗಳ ನಡುವೆ ಎಣ್ಣೆಯ ತೆಳುಪೊರೆ ಇರಲೇಬೇಕು. ಹೆಚ್ಚಾಗಿ ಒಳಹೊಕ್ಕ ಪೆಟ್ರೋಲು ಈ ಪೊರೆಯನ್ನು ತೊಳೆದುಹಾಕಿ, ರಿಂಗುಗಳ ಸಂದಿನಿಂದ ಕೆಳಗಿಳಿದು ಎಂಜಿನ್ ಎಣ್ಣೆಯನ್ನು ನೀರಾಗಿಸುತ್ತದೆ. ಅಂತಹ ಎಣ್ಣೆಯಲ್ಲಿ ನಡೆಸಿದ ಎಂಜಿನ್ನಿನ ಸಿಲಿಂಡರೂ ಬೇರಿಂಗುಗಳೂ ಬೇಗನೆ ಸವೆದು, ರಿಪೇರಿಗೆ ತೆತ್ತ ಹಣವೆಲ್ಲವೂ ವ್ಯರ್ಥವಾಗುತ್ತದೆ. ಆದುದರಿಂದ ಪೆಟ್ರೋಲು ಉಕ್ಕುವ ಎಂಜಿನ್ನಿನ ಹಗ್ಗವನ್ನು ಹಟದಿಂದ ಎಳೆಯುತ್ತಲೇ ಇರುವುದು ಸರ್ವಥಾ ಕೂಡದು.

ಮೊದಲು ಮಾಡತಕ್ಕ ಕೆಲಸ

ಟ್ಯಾಂಕಿನ ನಲ್ಲಿಯನ್ನು ತಕ್ಷಣ ಮುಚ್ಚತಕ್ಕದ್ದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾಗಿದ್ದು ತಗ್ಗಿನಲ್ಲಿ ನಿಲ್ಲುವುದರಿಂದ, ಎಂಜಿನ್ನನ್ನು ಬಾವಿಯ ಮೆಟ್ಟಿಲಿನಲ್ಲಾಗಲಿ ಗುಂಡಿಯಲ್ಲಾಗಲಿ ಪರೀಕ್ಷಿಸದೆ ಬಯಲಿಗೆ ತರಬೇಕು. ಬೀಡಿ, ದೀಪಗಳು ಹತ್ತಿರ ಸುಳಿಯಬಾರದು. ಅನಂತರ ಅಳತೆಯ ಕಡ್ಡಿಯಿಂದ ಎಣ್ಣೆಯನ್ನು ನೋಡಬೇಕು. ಮಟ್ಟವು ಏರಿದ್ದರೆ ಅಥವಾ ಪೆಟ್ರೋಲಿನ ವಾಸನೆಯಿದ್ದರೆ, ದೋಷವನ್ನು ಸರಿಪಡಿಸಿದ ಮೇಲೆ ಆ ಎಣ್ಣೆಯನ್ನೆಲ್ಲಾ ಬಸಿದು ಹೊಸದನ್ನು ಹಾಕದೆ ಎಂಜಿನ್ನನ್ನು ನಡೆಸಲಾಗದು. ಹಗ್ಗವು ಎಳೆಯಲು ಬಾರದೆ ಬಿಗಿದುಕೊಂಡರೆ ಸಿಲಿಂಡರಿನಲ್ಲಿ ಪೆಟ್ರೋಲು ತುಂಬಿರಬಹುದು; ಬಲವನ್ನು ಪ್ರಯೋಗಿಸದೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಕಿಡಿ ಬಾರದಂತೆ ಸ್ವಿಚ್ಚನ್ನು ನಿಲ್ಲಿಸಿ, ಮೆಲ್ಲನೆ ಎಳೆದು ಹೊರಹಾಕಬೇಕು.

ದೋಷವನ್ನು ಕಂಡುಹಿಡಿಯುವ ಕ್ರಮ

ಎಂಜಿನ್ನು ನಿಂತಿರುವಾಗಲೇ ನಲ್ಲಿಯನ್ನು ತೆರೆದು ಕೆಲವು ನಿಮಿಷ ಕಾದು ನೋಡಬೇಕು. ಆಗಲೂ ಪೆಟ್ರೋಲು ತೊಟ್ಟಿಕ್ಕಿದರೆ ದೋಷವು ಸೂಜಿಯಲ್ಲಿ ಅಥವಾ ಬುರುಡೆಯಲ್ಲಿದೆ. ನಿಂತಾಗ ಸೋರದೆ, ನಡೆಯುವಾಗ ಮಾತ್ರ ಕಪ್ಪು ಹೊಗೆ ಬಂದರೆ, ಚೋಕ್ ಮುಚ್ಚಿಯೇ ಉಳಿದಿದೆಯೇ, ಗಾಳಿಯ ಸೋಸುಗವು ಧೂಳಿನಿಂದ ಕಟ್ಟಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು.

ಸೂಜಿಯ ಪೀಠದಲ್ಲಿ ಕಸವು ಸಿಕ್ಕಿಕೊಳ್ಳುವುದೇ ಅತಿ ಸಾಮಾನ್ಯವಾದ ಕಾರಣ. ರಿಪೇರಿಯ ಕಾಲದಲ್ಲಿ ಟ್ಯಾಂಕನ್ನು ಕಳಚಿ ಅಲುಗಾಡಿಸುವುದರಿಂದ ತಳದ ತುಕ್ಕು ಎದ್ದು ಕೆಳಗಿಳಿಯುತ್ತದೆ. ವಾರಗಟ್ಟಲೆ ಒಣಗಿ ನಿಂತ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ಮರದ ಹಿಡಿಯಿಂದ ಬಟ್ಟಲಿನ ಪಕ್ಕವನ್ನು ಮೆಲ್ಲನೆ ತಟ್ಟಿದಾಗ ಸೋರುವುದು ನಿಂತರೆ ಕಾರಣವು ಕಸವೇ ಎಂದು ತಿಳಿಯಬಹುದು. ಟ್ಯಾಂಕನ್ನೂ ಅದರ ಜಾಲರಿಯನ್ನೂ ತೊಳೆಯದೆ ಕಾರ್ಬುರೇಟರೊಂದನ್ನೇ ತೊಳೆದರೆ ದೋಷವು ಮರುದಿನವೇ ಮರಳುವುದು.

ಆಮೇಲೂ ಸೋರಿದರೆ ನಲ್ಲಿಯನ್ನು ಮುಚ್ಚಿ ಬಟ್ಟಲನ್ನು ಬಿಚ್ಚಬೇಕು. ಬುರುಡೆಯನ್ನು ಕಿವಿಯ ಬಳಿ ಅಲುಗಾಡಿಸಿದಾಗ ಒಳಗೆ ಪೆಟ್ರೋಲಿನ ಸದ್ದು ಕೇಳಿಸಿದರೆ ಅದು ತೂತಾಗಿದೆ, ಬದಲಾಯಿಸುವುದೇ ಲೇಸು. ಸೂಜಿಯ ತುದಿಯಲ್ಲಿ ಉಂಗುರದಂತೆ ಸವೆತ ಕಂಡರೆ ಅದನ್ನೂ ಬದಲಾಯಿಸತಕ್ಕದ್ದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರು ತುದಿಯ ಸೂಜಿಗಳು ಉಬ್ಬುವ ಸಂಭವವೂ ಉಂಟು. ಬುರುಡೆಯ ಎತ್ತರವನ್ನು ತಯಾರಕರ ಪುಸ್ತಕದ ಅಳತೆಯಂತೆ ಇಡಬೇಕಲ್ಲದೆ, ಊಹೆಯಿಂದ ಅದರ ತೋಳನ್ನು ಬಗ್ಗಿಸಬಾರದು.

ಗ್ರಾಮದ ಮುಖಂಡರೂ ಭೂಮಾಲೀಕರೂ ಎಂಜಿನ್ನನ್ನು ರಿಪೇರಿಗೆ ಕೊಡುವಾಗಲೇ ಟ್ಯಾಂಕು, ಜಾಲರಿ, ಸೂಜಿ, ಬುರುಡೆಗಳನ್ನು ಶೋಧಿಸಬೇಕೆಂದು ಮೇಸ್ತ್ರಿಗೆ ಹೇಳಿಡುವುದು ಜಾಣತನ. ಒಂದು ಸೂಜಿಯ ಅಲಕ್ಷ್ಯದಿಂದ ಎಂಜಿನ್ನೂ ಕೆಟ್ಟು, ನೀರಿಲ್ಲದೆ ಪೈರೂ ಬಾಡುವುದು ತಪ್ಪುತ್ತದೆ.