ಲಕ್ಷ ದಾಟಿದ ಕಾರು: ಯಾವ ರಿಪೇರಿಗೆ ರೊಕ್ಕ ಹಾಕಬೇಕು, ಯಾವುದಕ್ಕೆ ಬೇಡ

"ಲಕ್ಷ ದಾಟಿದ ಗಾಡಿಗೆ ರೊಕ್ಕ ಹಾಕಬ್ಯಾಡ್ರಿ, ಬಂದಷ್ಟಕ್ಕ ಕೊಟ್ಟುಬಿಡ್ರಿ." ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೆಯ ಕಾರು ಇಟ್ಟುಕೊಂಡವರಿಗೆ ಈ ಬುದ್ಧಿವಾದ ಪುಕ್ಕಟೆಯಾಗಿ ಸಿಗುತ್ತದೆ. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದನ್ನು ನಂಬಿ, ಇನ್ನೂ ಹಲವು ವರ್ಷ ಓಡಬಲ್ಲ ಗಾಡಿಯನ್ನು ಅಗ್ಗಕ್ಕೆ ಕೊಟ್ಟು, ಸಾಲದ ಕಂತು ಮೈಮೇಲೆ ಎಳೆದುಕೊಂಡರೆ ಮನೆಯ ಲೆಕ್ಕವೇ ತಪ್ಪುತ್ತದೆ.

ಮೀಟರಿನ ಅಂಕಿ ಗಾಡಿ ಎಷ್ಟು ಓಡಿದೆ ಎಂದು ಹೇಳುತ್ತದೆ, ಹೇಗೆ ಓಡಿದೆ ಎಂದು ಹೇಳುವುದಿಲ್ಲ. ಕಲಬುರಗಿ, ಹೈದರಾಬಾದ್ ಎಂದು ಹೆದ್ದಾರಿಯಲ್ಲೇ ಎರಡು ಲಕ್ಷ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಡೀಸೆಲ್ ಇಂಜಿನ್, ಊರೊಳಗೇ ಎಂಬತ್ತು ಸಾವಿರ ಸುತ್ತಿ ಆಯಿಲ್ ಬದಲಾವಣೆಯನ್ನೇ ಮರೆತ ಇಂಜಿನ್ನಿಗಿಂತ ಗಟ್ಟಿಯಾಗಿರುತ್ತದೆ. ಇಂಜಿನ್ ಸರಿಯಾಗಿ ಕಾವೇರುವ ಮೊದಲೇ ನಿಲ್ಲಿಸುವ ಸಣ್ಣ ಸಣ್ಣ ಓಡಾಟವೇ ಅದನ್ನು ಹೆಚ್ಚು ಸವೆಸುತ್ತದೆ. ಮೇಲಾಗಿ ಮೀಟರನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ಅರವತ್ತು ಸಾವಿರ ಎಂದು ತೋರಿಸುವ ಗಾಡಿಯ ಕ್ಲಚ್ ಪೆಡಲಿನ ರಬ್ಬರ್ ಸಪಾಟಾಗಿ, ಸ್ಟೇರಿಂಗ್ ನುಣುಪಾಗಿ ಹೊಳೆಯುತ್ತಿದ್ದರೆ ಅಂಕಿಯನ್ನು ಬಿಟ್ಟು ಪೆಡಲನ್ನು ನಂಬಿ.

ನಮ್ಮ ಭಾಗದಲ್ಲಿ ಇಂಜಿನ್ನಿಗೆ ಕಿಲೋಮೀಟರಿಗಿಂತ ದೊಡ್ಡ ಶತ್ರು ಬಿಸಿ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಒಂದು ತಪ್ಪು ಪದ್ಧತಿ ಬೇರೂರಿದೆ. ಗಾಡಿ ಹೀಟ್ ಆದ ಕೂಡಲೇ ಮಿಸ್ತ್ರಿ ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದು ಬಿಸಾಡುತ್ತಾನೆ. "ನಮ್ಮ ಬಿಸಿಲಿಗೆ ಅದು ಬೇಕಾಗಿಲ್ರಿ, ಅದು ಚಳಿ ದೇಶಕ್ಕ ಮಾಡಿದ್ದು." ಇದು ಶುದ್ಧ ತಪ್ಪು. ಆ ವಾಲ್ವು ಇಂಜಿನ್ನಿನ ನೀರು ಹೆಚ್ಚುಕಡಿಮೆ 80ರಿಂದ 90 ಡಿಗ್ರಿಗೆ ಬರುವವರೆಗೆ ರೇಡಿಯೇಟರ್ ದಾರಿ ಮುಚ್ಚಿ, ಆಮೇಲೆ ತೆರೆಯುತ್ತದೆ. ಅದಿಲ್ಲದಿದ್ದರೆ ಇಂಜಿನ್ ಬೇಗ ಕಾವೇರುವುದಿಲ್ಲ, ಇಂಧನ ಹೆಚ್ಚು ಕುಡಿಯುತ್ತದೆ, ಒಳಗಿನ ಸವೆತ ಹೆಚ್ಚುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ಅದೇ ವಾಲ್ವು ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಪೂರ್ತಿ ಹೋಗದೆ ಗಾಡಿ ಇನ್ನಷ್ಟು ಹೀಟ್ ಆಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಇಡೀ ಇಂಜಿನ್ ಕೆಲಸದ ಮುಂದೆ ಅದರ ಬೆಲೆ ಏನೂ ಅಲ್ಲ.

ಇದರ ಜೋಡಿ ನಂಬಿಕೆ ಇನ್ನೊಂದಿದೆ: "ಕೂಲೆಂಟ್ ಯಾಕ, ನೀರು ಹಾಕಿದ್ರ ಸಾಕು." ಅದೂ ಬೋರ್‌ವೆಲ್ ನೀರು. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪದರ ಕಟ್ಟುವ ಗಡಸು ನೀರು ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಅದೇ ಪದರ ಕಟ್ಟುತ್ತದೆ. ಬರೀ ನೀರು ತುಕ್ಕನ್ನೂ ತರುತ್ತದೆ, ವಾಟರ್ ಪಂಪನ್ನೂ ತಿನ್ನುತ್ತದೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕವಿದೆ, ಅದು ನೀರಿಗಿಂತ ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಒಳಗಿನ ಒತ್ತಡ ಹಿಡಿದಿಟ್ಟು ಕುದಿಯುವ ಹಂತವನ್ನು ಮತ್ತಷ್ಟು ಏರಿಸುತ್ತದೆ. ಹೀಗಾಗಿ ಸಡಿಲವಾದ ಒಂದು ಮುಚ್ಚಳದಿಂದಲೂ ಗಾಡಿ ಹೀಟ್ ಆಗಬಹುದು. ಹತ್ತಿಯ ನೂಲೆಳೆ ಮತ್ತು ಎರೆಮಣ್ಣಿನ ಧೂಳು ರೇಡಿಯೇಟರ್ ಮುಂಭಾಗವನ್ನು ಮುಚ್ಚಿದ್ದರೂ ಫಲ ಅದೇ. ಮುಚ್ಚಳ, ಹೋಸ್ ಪೈಪು, ಫ್ಯಾನು, ಥರ್ಮೋಸ್ಟಾಟ್, ಕೂಲೆಂಟ್: ಹಳೆಯ ಗಾಡಿಯ ಮೇಲೆ ಹಾಕುವ ದುಡ್ಡಿನಲ್ಲಿ ಇಷ್ಟಕ್ಕೆ ಹಾಕಿದ್ದು ವ್ಯರ್ಥವಾಗುವುದಿಲ್ಲ. ಇದನ್ನು ಬಿಟ್ಟರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ ಸೊಟ್ಟಗಾಗುತ್ತದೆ, ಕೊನೆಗೆ ಇಂಜಿನ್ ಸೀಜ್ ಆಗುತ್ತದೆ.

ಇನ್ನು ಹೊಗೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡೊಡನೆ "ಬೋರ್ ಮಾಡಿಸಬೇಕು" ಎಂಬ ತೀರ್ಪು ಬರುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ ಎಂಬುದು ನಿಜ. ಆದರೆ ಎಲ್ಲಿಂದ ಸೋರಿ ಸುಡುತ್ತಿದೆ ಎಂಬುದೇ ಮುಖ್ಯ ಪ್ರಶ್ನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ಸೆಂದು ಬಂದು ನಿಂತುಹೋದರೆ ಸಾಮಾನ್ಯವಾಗಿ ವಾಲ್ವ್ ಸೀಲುಗಳು ಗಟ್ಟಿಯಾಗಿವೆ ಎಂದರ್ಥ. ಅದು ಸಣ್ಣ ಕೆಲಸ. ಲೋಡಿನಲ್ಲಿ, ಏರಿನಲ್ಲಿ ಉದ್ದಕ್ಕೂ ಬರುತ್ತಿದ್ದರೆ ಪಿಸ್ಟನ್ ರಿಂಗುಗಳನ್ನು ಸಂಶಯಿಸಬೇಕು. ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಟರ್ಬೊವೇ ಆಯಿಲ್ ಬಿಡುತ್ತಿರಬಹುದು. ಕಪ್ಪು ಹೊಗೆಯ ಕತೆಯೇ ಬೇರೆ: ಏರ್ ಫಿಲ್ಟರ್ ಕಟ್ಟಿದೆ ಅಥವಾ ಇಂಜೆಕ್ಟರ್ ಕೆಟ್ಟಿದೆ.

ಇಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ತೊಂದರೆ ಇದೆ. ಪೆಟ್ರೋಲ್ ಇಂಜಿನ್ನಾದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್. ಅರ್ಧ ತಾಸಿನ ಈ ಪರೀಕ್ಷೆಯನ್ನು ಮಾಡದೆ ಬೋರ್ ಮಾಡಿಸಿ ಎನ್ನುವ ಗ್ಯಾರೇಜಿನಿಂದ ಗಾಡಿ ಹೊರಗೆ ತನ್ನಿ. ಗಟ್ಟಿ ಆಯಿಲ್ ಹಾಕಿ ಹೊಗೆ ನಿಲ್ಲಿಸುವುದೂ ರಿಪೇರಿಯಲ್ಲ. ಮಾರುವವರು ಸಾಮಾನ್ಯವಾಗಿ ಅದನ್ನೇ ಮಾಡಿರುತ್ತಾರೆ, ಆದ್ದರಿಂದ ಕೊಳ್ಳುವವರು ಗಾಡಿಯನ್ನು ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಬೇಕು.

"ಛಲೋ ಓಡೋ ಗಾಡಿ ಬಿಚ್ಚಬ್ಯಾಡ್ರಿ" ಎಂಬ ಮಾತು ಅರ್ಧ ಸರಿ. ಗೇರ್‌ಬಾಕ್ಸಿಗೆ, ಗಟ್ಟಿಯಾಗಿರುವ ಇಂಜಿನ್ನಿಗೆ ಅದು ಸರಿ. ಟೈಮಿಂಗ್ ಬೆಲ್ಟಿಗೆ ಖಂಡಿತ ಅಲ್ಲ. ಹಳೆಯ ಮಾರುತಿ 800, ಟಾಟಾ ಇಂಡಿಕಾ ಡೀಸೆಲ್‌ಗಳಲ್ಲಿ ಬೆಲ್ಟ್ ಇದೆ, ಸ್ವಿಫ್ಟಿನ 1.3 ಲೀಟರ್ ಡೀಸೆಲ್‌ನಲ್ಲಿ ಚೈನು. ಬೆಲ್ಟು ಸದ್ದು ಮಾಡದೆ, ಮುನ್ಸೂಚನೆ ಕೊಡದೆ ಹರಿಯುತ್ತದೆ. ಹರಿದರೆ ಹಲವು ಇಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವುಗಳಿಗೆ ಬಡಿಯುತ್ತದೆ. ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದು ಬೆಲ್ಟ್ ಯಾವಾಗ ಬದಲಾಗಿದೆ ಎಂಬ ದಾಖಲೆ ಇಲ್ಲದಿದ್ದರೆ, ಬದಲಾಗಿಲ್ಲ ಎಂದೇ ತಿಳಿದು ಹಾಕಿಸಿ.

ಬ್ರೇಕು, ಸ್ಟೇರಿಂಗ್ ರಾಡು, ಲೋವರ್ ಆರ್ಮ್, ಟೈರು: ಇವುಗಳಲ್ಲಿ ಲಾಭನಷ್ಟದ ಪ್ರಶ್ನೆಯೇ ಇಲ್ಲ. ಶಹಾಪುರದಿಂದ ಸುರಪುರ, ತಿಂಥಣಿ ದಾಟಿ ಲಿಂಗಸುಗೂರಿನ ಕಡೆ ಹೋಗುವ ರಸ್ತೆಯಲ್ಲಿ ರಾತ್ರಿ ಎದುರಿಗೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಬಂದಾಗ ನಿಮ್ಮ ಮಕ್ಕಳನ್ನು ಉಳಿಸುವುದು ಇವೇ. "ಬೇಸಿಗೆಯಲ್ಲಿ ಟೈರಿಗೆ ಗಾಳಿ ಕಡಿಮೆ ಇಡಬೇಕು, ಇಲ್ಲಾಂದ್ರೆ ಸಿಡೀತದ" ಎಂಬುದು ಅಪಾಯಕಾರಿ ನಂಬಿಕೆ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಚಿ, ಹೆಚ್ಚು ಕಾದು, ಸಿಡಿಯುವ ಸಂಭವ ಏರುತ್ತದೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು ಗಾಳಿಯನ್ನು, ಟೈರು ತಣ್ಣಗಿದ್ದಾಗ ತುಂಬಿಸಿ. ಗೀರು ಚೆನ್ನಾಗಿದ್ದರೆ ಸಾಕು ಎಂಬುದೂ ಸರಿಯಲ್ಲ. ಟೈರಿನ ಪಕ್ಕದಲ್ಲಿ 2317 ಎಂದಿದ್ದರೆ ಅದು 2017ರ 23ನೇ ವಾರ ತಯಾರಾದದ್ದು. ನಮ್ಮ ಬಿಸಿಲಿಗೆ ಅಷ್ಟು ಹಳೆಯ ರಬ್ಬರ್ ಬಿರುಕು ಬಿಟ್ಟಿರುತ್ತದೆ.

ಎಸಿಗೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುವುದು ಸಹಜ ಎಂದು ಹಲವರು ತಿಳಿದಿದ್ದಾರೆ. ಎಸಿ ಗ್ಯಾಸ್ ಇಂಧನದಂತೆ ಖರ್ಚಾಗುವುದಿಲ್ಲ. ವರ್ಷ ವರ್ಷ ಖಾಲಿಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಸೋರಿಕೆ ಹುಡುಕಿಸಿ.

"ಗಾಡಿ ಬೆಲೆಗಿಂತ ರಿಪೇರಿ ಜಾಸ್ತಿ ಆದ್ರ ಬಿಟ್ಟುಬಿಡಬೇಕು" ಎಂಬ ಸೂತ್ರ ಬುದ್ಧಿವಂತಿಕೆಯಂತೆ ಕೇಳಿಸುತ್ತದೆ, ಆದರೆ ಪೂರ್ತಿ ಸರಿಯಲ್ಲ. ನಿಮ್ಮ ಗಾಡಿಗೆ ಪೇಟೆಯಲ್ಲಿ 40,000 ಬರುತ್ತದೆ, ರಿಪೇರಿಗೆ 45,000 ಬೇಕು ಎಂದಿಟ್ಟುಕೊಳ್ಳಿ. ಆ ರಿಪೇರಿಯಿಂದ ಎರಡು ವರ್ಷ ನೆಮ್ಮದಿಯಾಗಿ ಓಡಿದರೆ ತಿಂಗಳಿಗೆ 1,875 ರೂಪಾಯಿ ಬಿತ್ತು. ಬೇರೆ ಗಾಡಿಗೆಂದು 4 ಲಕ್ಷ ಸಾಲವನ್ನು ಶೇಕಡಾ 10ರ ಬಡ್ಡಿಗೆ ಐದು ವರ್ಷಕ್ಕೆ ತಂದರೆ ಕಂತೇ ತಿಂಗಳಿಗೆ ಸುಮಾರು 8,500. ಹೋಲಿಸಬೇಕಾದದ್ದು ಈ ಎರಡನ್ನು. ಹಾಗೆಯೇ "ಇಷ್ಟು ಹಾಕಿದ್ದೀವಿ, ಇನ್ನೊಂದಿಷ್ಟು ಹಾಕೋಣ" ಎಂಬುದೂ ಬೇಡ. ಕಳೆದ ವರ್ಷ ಹಾಕಿದ ದುಡ್ಡು ಹೋಯಿತು. ಇಂದು ಹಾಕುವ ದುಡ್ಡಿನಿಂದ ಮುಂದೆ ಏನು ಸಿಗುತ್ತದೆ ಎಂಬುದಷ್ಟೇ ಲೆಕ್ಕ.

ಈ ಲೆಕ್ಕವನ್ನು ಕೆಡಿಸುವುದು ಇನ್ನೊಂದು ಭಯ: ಹದಿನೈದು ವರ್ಷ ತುಂಬಿದ ಗಾಡಿಯನ್ನು ಸರ್ಕಾರ ಗುಜರಿಗೆ ಹಾಕುತ್ತದೆಯಂತೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ಆದೇಶಗಳು ಬಂದದ್ದು ದೆಹಲಿ ಪ್ರದೇಶಕ್ಕೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದರೆ ನೋಂದಣಿ ನವೀಕರಣವಿಲ್ಲ ಎಂದದ್ದು ಸರ್ಕಾರಿ ವಾಹನಗಳಿಗೆ. ಕೆಎ-33 ನಂಬರಿನ ನಿಮ್ಮ ಸ್ವಂತ ಕಾರು ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಣವಾಗುತ್ತದೆ. ಆದರೆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ಹದಿನಾಲ್ಕನೇ ವರ್ಷದಲ್ಲಿ ದೊಡ್ಡ ರಿಪೇರಿಗೆ ಕೈಹಾಕುವವರು ಇದನ್ನೂ, ತಪಾಸಣೆಗೆ ಬೇಕಾಗುವ ಸಣ್ಣಪುಟ್ಟ ಕೆಲಸವನ್ನೂ ಸೇರಿಸಿ ಲೆಕ್ಕ ಹಾಕಲಿ.

ಹಾಗಾದರೆ ಕೈಬಿಡಬೇಕಾದ ಗಾಡಿ ಯಾವುದು? ತಳ ತುಕ್ಕು ಹಿಡಿದದ್ದು. ನಮ್ಮದು ಒಣ ಹವೆ, ಕರಾವಳಿಯಷ್ಟು ತುಕ್ಕಿಲ್ಲ ಎಂದು ಸುಮ್ಮನಿರಬೇಡಿ. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಸಾಗಿಸಿದ ಗಾಡಿಗಳ ನೆಲದ ತಗಡನ್ನು ಗೊಬ್ಬರದ ಉಪ್ಪು ತಿಂದಿರುತ್ತದೆ. ಮ್ಯಾಟ್ ಎತ್ತಿ ನೋಡಿ, ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಬಾಗಿಲಿನ ತುಕ್ಕು ಬರೀ ಅಂದದ ಪ್ರಶ್ನೆ. ಜಾಕ್ ಇಡುವ ಜಾಗ, ಸಸ್ಪೆನ್ಷನ್ ಕೂರುವ ಜಾಗ ಕುಸಿಯುತ್ತಿದ್ದರೆ ಅದಕ್ಕೆ ಒಂದು ರೂಪಾಯಿಯೂ ಬೇಡ. ಪ್ರವಾಹದಲ್ಲಿ ಮುಳುಗಿದ ಗಾಡಿಯೂ ಅಷ್ಟೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳತುದಿಯಲ್ಲಿ ಕೆಸರಿನ ಕಲೆ ಇದ್ದರೆ ವೈರಿಂಗಿನೊಳಗೂ ಅದೇ ನೀರು ಹೊಕ್ಕಿದೆ. ಅಂಥ ಗಾಡಿಯನ್ನು ಕೊಳ್ಳಬೇಡಿ, ನಿಮ್ಮದೇ ಆಗಿದ್ದರೆ ನಿಜ ಹೇಳದೆ ಇನ್ನೊಬ್ಬರಿಗೆ ಮಾರಬೇಡಿ.