ಮಾದಪ್ಪನ ಬೆಟ್ಟದ ಆಚೆಯ ಊರುಗಳು

“ಬೆಂಗ್ಳೂರಿಂದ ಬಂದೋರೆಲ್ಲ ಕೇಳದು ಒಂದೇಯ ಸಾ, ವೀರಪ್ಪನ್ನ ನೋಡಿದ್ದೀಯಾ ಅಂತ. ಅವ್ನು ಸತ್ತಾಗ ನಾನು ಇಸ್ಕೂಲ್ಗೆ ಹೋಗೋ ಐದ. ಇಲ್ಲ ಕನಾ ಅಂದ್ರ ಅವ್ರ ಮೊಕ ಸಪ್ಪಗಾಗೋಯ್ತದ. ಅದ್ಕೇ ಈಗ, ಹೂಂ ನೋಡಿವ್ನಿ, ನಮ್ಮಟ್ಟೀಲಿ ಹಿಟ್ಟು ಉಂಡೋಗಿದ್ದ ಅಂದ್ಬುಡ್ತೀನಿ. ಇನ್ನೂರು ರೂಪಾಯಿ ಜಾಸ್ತಿ ಕೊಡ್ತರ!”

ಮಲೆ ಮಹದೇಶ್ವರ ಬೆಟ್ಟದ ಬಸ್ ನಿಲ್ದಾಣದ ಹತ್ತಿರ ಜೀಪಿಗೆ ಒರಗಿ ನಿಂತು ಹೀಗೆಂದ ಚಾಲಕನ ಊರು ಇಂಡಿಗನತ್ತ. ಬೆಟ್ಟದಿಂದ ಏಳೆಂಟು ಕಿಲೋಮೀಟರ್ ಒಳಗೆ, ನಾಗಮಲೆಯ ದಾರಿಯಲ್ಲಿ ಸಿಗುತ್ತದೆ. ದಾರಿ ಎಂದದ್ದು ಅಭ್ಯಾಸಬಲದಿಂದ. ಅಲ್ಲಿರುವುದು ಮಳೆನೀರು ಕೊರೆದ ಕೊರಕಲು, ಮೇಲೆದ್ದ ಬಂಡೆಗಲ್ಲು. ಜೀಪಿನ ಕಂಬಿ ಹಿಡಿದವರ ರಟ್ಟೆ ಸೋಲುತ್ತದೆ. ಅವನು ಮಾತ್ರ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ, ಇನ್ನೊಂದರಲ್ಲಿ ಬೆಟ್ಟಗಳನ್ನು ತೋರಿಸುತ್ತ, ಬಾಯಿ ನಿಲ್ಲಿಸದೆ ಜೀಪು ಓಡಿಸಿದ.

ಬೆಟ್ಟದ ಚರಿತ್ರೆ ಕನ್ನಡಿಗರಿಗೆ ಹೊಸದಲ್ಲ. ಉತ್ತರ ದೇಶದಿಂದ ಬಂದ ಮಹದೇಶ್ವರ, ಎಪ್ಪತ್ತೇಳು ಮಲೆ, ಹುಲಿ ವಾಹನ, ಸೋಲಿಗರ ಸಂಕಮ್ಮ, ದೇಗುಲ ಕಟ್ಟಿಸಿದ ಆಲಂಬಾಡಿಯ ಜುಂಜೇಗೌಡ, ಇವೆಲ್ಲವನ್ನೂ ಕಂಸಾಳೆಯ ದೇವರಗುಡ್ಡರು ರಾತ್ರಿಯಿಡೀ ಹಾಡಿ ಉಳಿಸಿದ್ದಾರೆ. ಪೂಜೆ ಬೇಡಗಂಪಣರದು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ, ಹನೂರು ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ವರ್ಷ ಈಚೆಗೆ. 2013ರಲ್ಲಿ ಸುತ್ತಲಿನ 900 ಚದರ ಕಿಲೋಮೀಟರ್‌ಗೂ ಹೆಚ್ಚಿನ ಕಾಡು ವನ್ಯಜೀವಿಧಾಮವಾಯಿತು, 2023ರಲ್ಲಿ 108 ಅಡಿಯ ಮಹದೇಶ್ವರ ಪ್ರತಿಮೆ ಎದ್ದು ನಿಂತಿತು. ಕ್ಷೇತ್ರದ ಹುಂಡಿ ಎಣಿಕೆ ಎರಡು ಕೋಟಿ ದಾಟಿತೆಂಬುದು ಈಗ ಸುದ್ದಿಯೇ ಅಲ್ಲ.

ಹುಂಡಿಯಿಂದ ಇಷ್ಟು ಹತ್ತಿರದ ಊರಿಗೆ ಡಾಂಬರು ಬಾರದಿರಲು ಕಾರಣ ವನ್ಯಜೀವಿ ಕಾನೂನು. ಅಭಯಾರಣ್ಯದೊಳಗೆ ರಸ್ತೆಯಾಗಲಿ ವಿದ್ಯುತ್ ಕಂಬವಾಗಲಿ ಹತ್ತಾರು ಅನುಮತಿ ಬೇಡುತ್ತದೆ. ಕಾಡು ಉಳಿಯಬೇಕೆಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ಊರು ಅಭಯಾರಣ್ಯದೊಳಕ್ಕೆ ಹೋದದ್ದಲ್ಲ, ಅಭಯಾರಣ್ಯವೇ ಊರನ್ನು ಸುತ್ತುವರಿದದ್ದು. ಅರಣ್ಯ ಹಕ್ಕು ಕಾಯ್ದೆಯಲ್ಲೂ ಇಲ್ಲಿಯವರಿಗೆ ಎರಡು ಅಳತೆ. ಸೋಲಿಗರು ಪರಿಶಿಷ್ಟ ಪಂಗಡದವರು. ಬೇಡಗಂಪಣರು ಆ ಪಟ್ಟಿಯಲ್ಲಿಲ್ಲದ ಕಾರಣ ಮೂರು ತಲೆಮಾರು, ಅಂದರೆ 75 ವರ್ಷ ಇಲ್ಲೇ ಬಾಳಿದ್ದೇವೆಂದು ರುಜುವಾತು ಮಾಡಬೇಕು. ಶತಮಾನಗಳಿಂದ ಮಾದಪ್ಪನ ಪೂಜೆ ಮಾಡಿಕೊಂಡು ಬಂದವರನ್ನು ಕಾಗದ ಕೇಳಿದರೆ ಅವರು ಯಾವ ದೇವರ ಮೊರೆ ಹೋಗಬೇಕು?

ಇಂಡಿಗನತ್ತ ತಲುಪಿದಾಗ ಚಾಲಕನ ಅವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ರಸ್ತೆಯ ಮಾತೆತ್ತಿದ್ದೇ ಕಾಯಿ ಪಕ್ಕಕ್ಕಿಟ್ಟರು. “ಈ ನನ್ನ ಸೊಸ ಬಸುರಿಲಿ ನೋವು ತಿಂದದ್ದು ಸರೊತ್ನಲ್ಲಿ ಕನಪ್ಪ. ಜೀಪು ಕೆಟ್ಟು ಕುಂತಿತ್ತು. ಬಿದ್ರು ಗಳುಕ್ಕ ಕಂಬ್ಳಿ ಕಟ್ಟಿ ಹೊತ್ಕಂಡೋದ್ರು. ಮುಂದ ಒಬ್ಬ ಬ್ಯಾಟ್ರಿ ಹಿಡ್ದು, ಹಿಂದ ಒಬ್ಬ ತಗಡು ಬಡೀತ. ಆನ ಇದ್ದವಲ್ಲ.” ಆ ಡೋಲಿ ಹೊರುವವರು ಇಬ್ಬರು, ಹೆಗಲು ಬದಲಿಸಲು ಇನ್ನಿಬ್ಬರು. ಬೆಟ್ಟದ ಆಸ್ಪತ್ರೆಯಲ್ಲಿ ಆಗದೆಂದರೆ ಮುಂದೆ 80 ಕಿಲೋಮೀಟರ್ ಆಚೆಯ ಕೊಳ್ಳೇಗಾಲ, ಅಲ್ಲೂ ಆಗದಿದ್ದರೆ ಮೈಸೂರು. ಸೊಸೆ ಒಳಗಿನಿಂದ ಕಾಫಿ ತಂದುಕೊಟ್ಟು ನಕ್ಕರು. ಮಗು ಅಂಗಳದಲ್ಲಿ ಸೈಕಲ್ ಟೈರು ಉರುಳಿಸುತ್ತಿತ್ತು. ಎಲ್ಲ ಡೋಲಿಗಳೂ ಹೀಗೆ ಸುಖವಾಗಿ ಮುಗಿದಿಲ್ಲ ಎಂದು ಮುದುಕಿ ಹೇಳಿ ಸುಮ್ಮನಾದರು.

ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣರ 101 ಹೆಣ್ಣುಮಕ್ಕಳು ಹಾಲಹಳ್ಳದಿಂದ ಕಳಸದಲ್ಲಿ ನೀರು ಹೊತ್ತು ತರುವ ಚಿತ್ರ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಈ ಊರುಗಳ ಹೆಂಗಸರು ಬಿಂದಿಗೆ ಹೊರುವುದಕ್ಕೆ ಕ್ಯಾಮೆರಾ ಬರುವುದಿಲ್ಲ. ನಮ್ಮ ಬರವಣಿಗೆಯೂ ಹಾಗೆಯೇ. ಒಂದೋ ಇವರು ‘ನಾಗರಿಕತೆಯ ಸೋಂಕಿಲ್ಲದ ಮುಗ್ಧರು’, ಇಲ್ಲವೇ ‘ಕಾಡುಗಳ್ಳನಿಗೆ ಅನ್ನ ಹಾಕಿದವರು’. ಈ ಮುಗ್ಧ ಚಾಲಕ ನನಗೆ ತಮಿಳು ಸಿನಿಮಾ, ಡೀಸೆಲ್ ದರ, ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಕೂಲಿಯ ಬಗ್ಗೆ ಪಾಠ ಮಾಡಿದ. ಎರಡು ವರ್ಷ ಅಲ್ಲಿ ದುಡಿದು ಬಂದವನು. ಮನೆಗೊಬ್ಬರಂತೆ ಹೊರಗಿದ್ದಾರೆ: ಕ್ವಾರಿಗೆ, ಕೊಡಗಿನ ತೋಟಕ್ಕೆ, ಗಾರೆ ಕೆಲಸಕ್ಕೆ. ಹೊಲದ ರಾಗಿ, ಅವರೆಯಲ್ಲಿ ಆನೆ, ಹಂದಿ ಉಂಡು ಬಿಟ್ಟದ್ದಷ್ಟೇ ಮನೆಗೆ.

ವೀರಪ್ಪನ್ ವಿಷಯ ತಪ್ಪಿಸಲಾಗದು. ಅವನ ಊರು ಗೋಪಿನಾಥಂ ಇದೇ ಹನೂರು ತಾಲ್ಲೂಕಿನದು. ಅಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿ ಜನರ ಪ್ರೀತಿ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಅವನು ಕೊಂದದ್ದು 1991ರಲ್ಲಿ. ಅವನನ್ನು ಹಿಡಿಯಲು ಬಂದ ಕಾರ್ಯಪಡೆಯ ಶಿಬಿರವಿದ್ದದ್ದು ಮಾದಪ್ಪನ ಬೆಟ್ಟದಲ್ಲೇ. ಅಲ್ಲಿ ಹಳ್ಳಿಗರು ಅನುಭವಿಸಿದ ಹಿಂಸೆಯನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ದಾಖಲಿಸಿತು, 2007ರಲ್ಲಿ ಮಾನವ ಹಕ್ಕು ಆಯೋಗ 89 ಮಂದಿಗೆ ಪರಿಹಾರ ಕೊಡಿಸಿತು. ಸಿನಿಮಾಗಳಲ್ಲಿ ವೀರಪ್ಪನ್ ಮೀಸೆ ಕಾಣುತ್ತದೆ, ಈ 89 ಮಂದಿ ಕಾಣುವುದಿಲ್ಲ. “ಅನ್ನ ಕೊಟ್ರ ಪೋಲೀಸ್ರು ಹೊಡೀತಿದ್ರು, ಕೊಡ್ನಿಲ್ಲ ಅಂದ್ರ ಅವ್ನು ಹೊಡೀತಿದ್ದ” ಎಂದ ಮುದುಕಿಯ ಮಾತಿಗೆ ನಾನು ಸೇರಿಸುವುದೇನಿಲ್ಲ.

ಹೊಸ ಕಳಂಕಗಳೂ ಅಂಟುತ್ತಿವೆ. ಮೂಲಸೌಕರ್ಯವಿಲ್ಲವೆಂದು ಇಂಡಿಗನತ್ತದವರು 2024ರ ಲೋಕಸಭಾ ಚುನಾವಣೆ ಬಹಿಷ್ಕರಿಸಿದರು. ಏಪ್ರಿಲ್ 26ರಂದು ಮತಗಟ್ಟೆ ಧ್ವಂಸವಾಯಿತು, ಕಲ್ಲು ತೂರಾಟವಾಯಿತು, ಮತ ಹಾಕಲು ಬಂದ ಮೆಂದಾರೆಯ ಸೋಲಿಗರ ಜತೆ ಹೊಡೆದಾಟವೂ ಆಯಿತು. 29ರಂದು ಮರುಮತದಾನ. ಹಲವರು ಜೈಲು ಕಂಡರು. ಮತಯಂತ್ರ ಒಡೆದದ್ದು ತಪ್ಪು, ಬಡ ಸೋಲಿಗರ ಮೇಲೆ ಕೈಮಾಡಿದ್ದು ಇನ್ನೂ ದೊಡ್ಡ ತಪ್ಪು. ಚಾಲಕನೂ ಇದನ್ನು ಅಲ್ಲಗಳೆಯಲಿಲ್ಲ, ಜಾಸ್ತಿ ಮಾತಾಡಲೂ ಇಲ್ಲ. ನಾನು ಜತೆಗಿದ್ದ ದಿನವಿಡೀ ಅವನು ಮೌನವಾದದ್ದು ಅಲ್ಲಿ ಮಾತ್ರ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿಹುಲಿ, ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಮಾಂಸ ತಿಂದು ಸತ್ತ ಮೇಲಂತೂ ದನ ಸಾಕುವವರೆಲ್ಲ ಅನುಮಾನಿತರೇ. ಆಲಂಬಾಡಿಯಂಥ ನಾಡತಳಿಗೆ ಹೆಸರು ಕೊಟ್ಟ ಸೀಮೆಯಲ್ಲಿ ದನ ಮೇಯಿಸುವವನು ಈಗ ಹಿಂದೆ ಮುಂದೆ ನೋಡಿಕೊಂಡು ಕಾಡಿಗೆ ಕಾಲಿಡುತ್ತಾನೆ.

ಅದೇ ವರ್ಷದ ಏಪ್ರಿಲ್ 24ರಂದು ರಾಜ್ಯ ಸಚಿವ ಸಂಪುಟವೇ ಬೆಟ್ಟಕ್ಕೆ ಬಂದು ಸಭೆ ನಡೆಸಿತ್ತು. ಸಾವಿರಾರು ಕೋಟಿಯ ಯೋಜನೆಗಳಿಗೆ ಒಪ್ಪಿಗೆ ಸಿಕ್ಕಿತು. “ಬಂದಿದ್ರು ಸಾ, ಬೆಟ್ಟುಕ್ಕ ಬಂದಿದ್ರು. ಇಲ್ಗಂಟ ಬರ್ಲಿಲ್ಲ” ಎಂದ ಚಾಲಕ.

ರಸ್ತೆಗೆ ಅನುಮತಿ ಸಿಗಲು ವರ್ಷಗಳೇ ಬೇಕಾದರೆ ಬೇಕಾಗಲಿ. ಅಲ್ಲಿಯವರೆಗೆ ಇಂಡಿಗನತ್ತದಂಥ ಒಳ ಊರುಗಳಲ್ಲಿ ರಾತ್ರಿ ಹೊತ್ತು ಒಂದೊಂದು ಆಂಬುಲೆನ್ಸ್ ಜೀಪು, ಅದಕ್ಕೊಬ್ಬ ಚಾಲಕ ಇರುವಂತೆ ಮಾಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹುಂಡಿಯ ಒಂದು ಎಣಿಕೆಯ ಸಣ್ಣ ಪಾಲು ಸಾಕು. ಜಿಲ್ಲಾಡಳಿತ, ಅರಣ್ಯ ಇಲಾಖೆ, ಕ್ಷೇತ್ರದ ಪ್ರಾಧಿಕಾರ ಮೂರೂ ಕೂತು ಮುಂದಿನ ಮಳೆಗಾಲಕ್ಕೆ ಮೊದಲೇ ಇದಿಷ್ಟನ್ನು ಮಾಡಲಿ.