ಅವ್ವ ಕೆಲಸಕ್ಕೆ ಹೋದ್ರೆ ಕೂಸು ಯಾರ ಮಡಿಲಿಗೆ?

ಇವತ್ತು ಕುರ್ಚಿ ಕಿತ್ತಾಟದ ಮಾತು ಬೇಡ. ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗೋಣ.

ಈ ಕಡೆಯಿಂದ ಮದ್ದೂರಿನ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಗಳು ಬೆಳ್ಳಂಬೆಳಗ್ಗೆ ಬಸ್ಸು ಹತ್ತಬೇಕು. ಊರಲ್ಲೇ ಇರೋಳಿಗೂ ಬಿಡುವಿಲ್ಲ. ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳ ಸೊಪ್ಪಿಗೆ ಕಾಯುತ್ತಾ? ಮನೆಯಲ್ಲಿ ಎರಡು ವರ್ಷದ ಮಗು. ಅತ್ತೆ ಗಟ್ಟಿಯಾಗಿದ್ರೆ ಸರಿ. ಇಲ್ದಿದ್ರೆ? "ಮಗೀನ ಯಾರ್ ನೋಡ್ಕತಾರೆ?" ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ಕೆಲಸವನ್ನೇ ಬಿಟ್ಟ ತಾಯಂದಿರು ನಿಮ್ಮ ಬೀದಿಯಲ್ಲೂ ಇದ್ದಾರೆ.

ಅಂಗನವಾಡಿ ಇದೆಯಲ್ಲ ಅಂತೀರಿ. ಇದೆ, ಹೆಮ್ಮೆಯ ವಿಷಯವೂ ಹೌದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾಗಿದ್ದು ಮಳವಳ್ಳಿಯ ನೆರೆಯ ಟಿ. ನರಸೀಪುರ. ಆದ್ರೆ ಅಂಗನವಾಡಿಯಲ್ಲಿ ಕೂರಿಸಿ ಕಲಿಸೋದು 3ರಿಂದ 6 ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕ ಕೂಸಿಗೆ ಲಸಿಕೆ, ತೂಕ, ಮನೆಗೆ ಒಯ್ಯೋ ಆಹಾರ ಸಿಗುತ್ತೆ. ದಿನವಿಡೀ ನೋಡಿಕೊಳ್ಳೋರು ಸಿಗಲ್ಲ. ದೊಡ್ಡ ಮಕ್ಕಳಿಗೂ ಸಂಜೆ ಅಮ್ಮ ಬಸ್ಸಿಳಿಯೋ ಮೊದಲೇ ಅಲ್ಲಿ ಬಾಗಿಲು ಹಾಕಿರುತ್ತೆ.

ಇನ್ನು ಕಾನೂನು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನ ನೋಡಬಹುದು ಅಂತ ಬರೆದರು. ಒಳ್ಳೆಯ ಕಾನೂನು. ಆದ್ರೆ ಯೋಚನೆ ಮಾಡಿ: ಕೇಂದ್ರ ಇರೋದು ಕಾರ್ಖಾನೆಯಲ್ಲಿ, ಕೂಸು ಇರೋದು ಹಲಗೂರಲ್ಲಿ. ತುಂಬಿದ ಬಸ್ಸಿನಲ್ಲಿ ಕೂಸನ್ನ ಮಡಿಲಲ್ಲಿಟ್ಟುಕೊಂಡು ಮುಂಜಾನೆ ಹೋಗಿ ಕತ್ತಲಾದ ಮೇಲೆ ಬರೋಕೆ ಯಾವ ತಾಯಿಗೆ ಮನಸ್ಸು ಬರುತ್ತೆ?

ಅದಕ್ಕೇ ಕೂಸನ್ನ ನೋಡಿಕೊಳ್ಳೋ ಜಾಗ ಊರಲ್ಲೇ ಬೇಕು. 2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ "ಕೂಸಿನ ಮನೆ" ಘೋಷಣೆ ಆಯ್ತು. 3 ವರ್ಷದೊಳಗಿನ ಮಕ್ಕಳಿಗೆ, ಕೂಲಿಗೆ ಹೋಗೋ ತಾಯಂದಿರಿಗೆ ಅಂತಲೇ ಮಾಡಿದ್ದು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯಾ? ಎಷ್ಟು ಗಂಟೆಗೆ ತೆಗೀತಾರೆ? ಪಿಡಿಒ ಹತ್ರ ಹೋಗಿ ಕೇಳಿ. ಇಲ್ಲ ಅಂದ್ರೆ ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಚರಂಡಿ, ಬೀದಿ ದೀಪ ಕೇಳ್ತೀವಿ. ಕೂಸಿಗೆ ಜಾಗ ಕೇಳೋಕೆ ಯಾಕೆ ಸಂಕೋಚ?

ಖಾಸಗಿ ಪ್ಲೇ ಹೋಮ್‌ಗೆ ಬಿಡ್ತೀರಾ? "ಲೈಸೆನ್ಸ್ ಇದೆ" ಅಂತ ಗೋಡೆ ತೋರಿಸಿದ್ರೆ ಹತ್ತಿರ ಹೋಗಿ ಓದಿ. ಅದು ಬರೀ ವ್ಯಾಪಾರದ ಪರವಾನಗಿ ಆಗಿದ್ರೆ ಅಂಗಡಿ ನಡೆಸೋಕೆ ಅನುಮತಿ ಅಷ್ಟೇ. ನಿಮ್ಮ ಮಗು ಸುರಕ್ಷಿತ ಅನ್ನೋದಕ್ಕೆ ಸಾಕ್ಷಿ ಅಲ್ಲ. ಯಾವ ಇಲಾಖೆ ಕೊಟ್ಟಿದ್ದು, ಯಾವ ಕೆಲಸಕ್ಕೆ ಕೊಟ್ಟಿದ್ದು, ಅವಧಿ ಮುಗಿದಿದೆಯಾ ನೋಡಿ. ಆಮೇಲೆ ಕಣ್ಣಿಗೆ ಕೆಲಸ ಕೊಡಿ. ನೀರಿನ ಸಂಪಿಗೆ ಮುಚ್ಚಳ ಇದೆಯಾ? ಗೇಟಿಗೆ ಚಿಲಕ ಇದೆಯಾ? ಕೈಗೆಟಕೋ ಹಾಗೆ ಸ್ವಿಚ್ ಇದೆಯಾ? 20 ಕೂಸಿಗೆ ಒಬ್ಬರೇ ಆಯಾ ಅಂದ್ರೆ ವಾಪಸ್ ಬನ್ನಿ. ಸಂಜೆ ಮಗುವನ್ನ ಯಾರ ಕೈಗೆ ಕೊಡ್ತಾರೆ ಅಂತ ಬರೆದಿಟ್ಟುಕೊಳ್ತಾರಾ? ಕೊಟ್ಟ ದುಡ್ಡಿಗೆ ರಸೀದಿ ಕೊಡ್ತಾರಾ? ಸೇರಿಸಿದ ಮೇಲೆ ಒಂದು ದಿನ ಹೇಳದೆ ಕೇಳದೆ ಮಧ್ಯಾಹ್ನ ಹೋಗಿ. ಬಾಗಿಲಲ್ಲೇ ನಿಲ್ಲಿಸಿದ್ರೆ ಅದೇ ಉತ್ತರ. ಮಗುವಿಗೆ ತೊಂದರೆ ಆಗಿದೆ ಅನ್ನಿಸಿದ್ರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಹೋಗಲ್ಲ.

ಒಂದು ಮಾತು ಗಂಡಸರಿಗೆ. ಮಗುವನ್ನ ಯಾರು ನೋಡ್ಕೋತಾರೆ ಅನ್ನೋದು ಬರೀ ಹೆಂಡತಿಯ ತಲೆನೋವಲ್ಲ. ಅವಳ ಸಂಬಳ ಮನೆಗೆ ಬೇಕು ಅಂದ್ರೆ ಪಂಚಾಯಿತಿ ಬಾಗಿಲಿಗೆ ನೀವೂ ಹೋಗಬೇಕು.

ಹೊಲಕ್ಕೆ ನೀರು ಬಿಡೋ ಹೊತ್ತು ಬೆಳೆ ನೋಡಿ ನಿರ್ಧಾರ ಆಗಬೇಕು ಅಂತ ಈ ಮಂಡ್ಯ ಜಿಲ್ಲೆ ಬೀದಿಗಿಳಿದು ಕೇಳುತ್ತೆ. ಕೂಸಿನ ಮನೆ ಬಾಗಿಲು ತೆಗೆಯೋ ಹೊತ್ತು ತಾಯಿಯ ಬಸ್ಸು ನೋಡಿ ನಿರ್ಧಾರ ಆಗಲಿ. ಇಷ್ಟೇ ಬೇಡಿಕೆ. ಇದು ದೊಡ್ಡದಾ, ನೀವೇ ಹೇಳಿ.